ಪೇಜ್‌ಫೈಲ್ ಅಳಿಸಿದರೆ ಏನಾಗುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ. ವರ್ಚುವಲ್ ಮೆಮೊರಿ ಹಾರ್ಡ್ ಡಿಸ್ಕ್‌ನಲ್ಲಿ ಯಾಕೆ ಜಾಗ ಹಿಡಿಯುತ್ತದೆ, ಅದನ್ನು ಬಿಡಿಸಿಕೊಳ್ಳಬಹುದಾ, ಬಿಡಿಸಿಕೊಂಡರೆ ಕಂಪ್ಯೂಟರ್ ಚುರುಕಾಗುತ್ತದಾ ಅಂತ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆ. ಸಿ ಡ್ರೈವ್ ಪೂರ್ತಿ ತುಂಬಿ ಕೆಂಪು ಗೆರೆ ತೋರಿಸುತ್ತಿದೆ. ಏನು ತುಂಬಿದೆ ಅಂತ ಹುಡುಕಿದಾಗ ಪೇಜ್‌ಫೈಲ್.ಸಿಸ್ ಅನ್ನೋ 12 ಜಿಬಿಯ ಫೈಲ್ ಸಿಕ್ಕಿತು. ಅಳಿಸಲು ಹೋದರೆ ಬಳಕೆಯಲ್ಲಿದೆ ಅನ್ನುತ್ತದೆ. ಇದು ವೈರಸ್ಸಾ?

ಉತ್ತರ: ವೈರಸ್ ಅಲ್ಲ. ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕ್‌ನಲ್ಲಿ ಇಡಲು ವಿಂಡೋಸ್ ತನಗಾಗಿ ತಾನೇ ಮಾಡಿಕೊಂಡ ಫೈಲ್ ಅದು. ಕಂಪ್ಯೂಟರ್ ಆನ್ ಇರುವಷ್ಟು ಹೊತ್ತೂ ವಿಂಡೋಸ್ ಅದನ್ನು ತೆರೆದೇ ಇಟ್ಟುಕೊಂಡಿರುತ್ತದೆ. ಅದಕ್ಕೇ ಅಳಿಸಲು ಬಿಡುವುದಿಲ್ಲ. ದಯವಿಟ್ಟು ಬೇರೆ ದಾರಿ ಹುಡುಕಿ ಅದನ್ನು ಅಳಿಸಲು ಹೋಗಬೇಡಿ. ಅದು ಅಲ್ಲಿ ಏನು ಮಾಡುತ್ತಿದೆ ಅಂತ ಮೊದಲು ನೋಡೋಣ.

ನೀವು ಒಂದು ಪ್ರೋಗ್ರಾಂ ತೆರೆದಾಗ ಅದಕ್ಕೆ ರ‍್ಯಾಮ್ ನೇರವಾಗಿ ಕೈಗೆ ಸಿಗುವುದಿಲ್ಲ. ಆಪರೇಟಿಂಗ್ ಸಿಸ್ಟಂ ಪ್ರತಿ ಪ್ರೋಗ್ರಾಂಗೂ ಅದರದ್ದೇ ಆದ ಒಂದಷ್ಟು ವಿಳಾಸಗಳನ್ನು ಕೊಡುತ್ತದೆ. ಪ್ರೋಗ್ರಾಂ ಪಾಲಿಗೆ ಆ ವಿಳಾಸಗಳೇ ಮೆಮೊರಿ, ಇದಕ್ಕೇ ವರ್ಚುವಲ್ ಮೆಮೊರಿ ಅನ್ನುವುದು. ಆ ವಿಳಾಸದ ಹಿಂದೆ ನಿಜವಾಗಿ ರ‍್ಯಾಮ್‌ನ ಯಾವ ಮೂಲೆ ಇದೆ, ಅಥವಾ ಸದ್ಯಕ್ಕೆ ಏನೂ ಇಲ್ಲವಾ ಅನ್ನೋದು ಪೇಜ್ ಟೇಬಲ್ ಎಂಬ ಕೋಷ್ಟಕದಲ್ಲಿರುತ್ತದೆ. ಪ್ರೊಸೆಸರ್ ಆ ಕೋಷ್ಟಕ ನೋಡಿಕೊಂಡೇ ಮೆಮೊರಿ ಮುಟ್ಟುತ್ತದೆ. ಈ ಲೆಕ್ಕವೆಲ್ಲ ಪೇಜ್‌ಗಳಲ್ಲಿ ನಡೆಯುತ್ತದೆ. ಸಾಮಾನ್ಯ ಪಿಸಿಗಳಲ್ಲಿ ಒಂದು ಪೇಜ್ ಅಂದರೆ 4 ಕೆಬಿ, ಅಂದರೆ 4096 ಬೈಟ್. ನಿಮ್ಮ 8 ಜಿಬಿ ರ‍್ಯಾಮ್‌ನಲ್ಲಿ ಇಂಥ 20 ಲಕ್ಷಕ್ಕೂ ಜಾಸ್ತಿ ಪೇಜ್‌ಗಳು ಹಿಡಿಸುತ್ತವೆ.

ಈ 20 ಲಕ್ಷವೂ ಪ್ರತಿ ಕ್ಷಣ ಬೇಕಾಗಿರುವುದಿಲ್ಲ. ಬೆಳಗ್ಗೆ ತೆರೆದು ಮರೆತ ಒಂದು ಡಾಕ್ಯುಮೆಂಟ್, ಯಾವಾಗಲೋ ಒಮ್ಮೆ ಕೆಲಸಕ್ಕೆ ಬರುವ ಪ್ರಿಂಟರ್ ಸಾಫ್ಟ್‌ವೇರ್, ಹಿಂದೆ ಅಡಗಿ ಕೂತ ಹತ್ತಾರು ಬ್ರೌಸರ್ ಟ್ಯಾಬ್‌ಗಳು, ಇವೆಲ್ಲ ರ‍್ಯಾಮ್‌ನಲ್ಲಿ ಸುಮ್ನೆ ಕೂತಿರುತ್ತವೆ. ರ‍್ಯಾಮ್ ಇಕ್ಕಟ್ಟಾದಾಗ ಆಪರೇಟಿಂಗ್ ಸಿಸ್ಟಂ ಯಾವ ಪೇಜ್‌ಗಳನ್ನು ತುಂಬ ಹೊತ್ತಿನಿಂದ ಯಾರೂ ಮುಟ್ಟಿಲ್ಲ ಅಂತ ನೋಡಿ ಅವನ್ನು ಹೊರಗೆ ಕಳಿಸುತ್ತದೆ. ದಿನಾ ಬೇಕಾದ್ದು ಕೈಗೆ ಸಿಗುವ ಹಾಗೆ ಕೆಳಗೆ, ಅಪರೂಪಕ್ಕೆ ಬೇಕಾದ್ದು ಅಟ್ಟದ ಮೇಲೆ ಅಂತ ಮನೆಯಲ್ಲಿ ಮಾಡುತ್ತೇವಲ್ಲ, ಹಾಗೆ.

ಇಲ್ಲೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಹೊರಹೋಗುವ ಪೇಜ್‌ಗಳೆಲ್ಲ ಪೇಜ್‌ಫೈಲ್‌ಗೇ ಹೋಗುವುದಿಲ್ಲ. ಪ್ರೋಗ್ರಾಂನ ಕೋಡ್ ಹೇಗಿದ್ದರೂ ಅದರ ಇಎಕ್ಸ್‌ಇ ಫೈಲ್‌ನಲ್ಲೇ ಇದೆ, ಬದಲಾಗಿಯೂ ಇಲ್ಲ. ಅದನ್ನು ರ‍್ಯಾಮ್‌ನಿಂದ ಸುಮ್ನೆ ಬಿಟ್ಟುಬಿಟ್ಟರೆ ಸಾಕು, ಬೇಕಾದಾಗ ಮತ್ತೆ ಅದೇ ಫೈಲ್‌ನಿಂದ ಓದಿಕೊಳ್ಳಬಹುದು. ಆದರೆ ನೀವು ಟೈಪ್ ಮಾಡಿ ಇನ್ನೂ ಸೇವ್ ಮಾಡದ ಸಾಲುಗಳು, ತಿದ್ದುತ್ತಿರುವ ಫೋಟೊ, ಆಟದಲ್ಲಿ ನೀವು ತಲುಪಿದ ಹಂತ, ಇವುಗಳಿಗೆ ಬೇರೆಲ್ಲೂ ಪ್ರತಿ ಇರುವುದಿಲ್ಲ. ಬಿಟ್ಟರೆ ಹೋಯಿತು. ಪೇಜ್‌ಫೈಲ್ ಇರುವುದು ಇಂಥವಕ್ಕೆ. ಪ್ರೋಗ್ರಾಂ ಮತ್ತೆ ಆ ವಿಳಾಸ ಮುಟ್ಟಿದಾಗ ಪೇಜ್ ಅಲ್ಲಿಲ್ಲ ಅಂತ ಪ್ರೊಸೆಸರ್‌ಗೆ ಗೊತ್ತಾಗುತ್ತದೆ, ಇದಕ್ಕೆ ಪೇಜ್ ಫಾಲ್ಟ್ ಅನ್ನುತ್ತಾರೆ. ಆಗ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸಿ, ಡಿಸ್ಕ್‌ನಿಂದ ಆ ಪೇಜ್ ತಂದಿಟ್ಟು, ನಿಂತಲ್ಲಿಂದಲೇ ಮುಂದೆ ಓಡಿಸುತ್ತದೆ. ನಡುವೆ ಏನಾಯಿತು ಅಂತ ಪ್ರೋಗ್ರಾಂಗೆ ಗೊತ್ತೇ ಆಗುವುದಿಲ್ಲ.

ಇನ್ನು ನಿಮ್ಮ 12 ಜಿಬಿ. ಅದು ಕಾದಿಟ್ಟ ಜಾಗ. ಅಷ್ಟೂ ಬಳಕೆಯಾಗಿದೆ ಅಂತ ಅರ್ಥವಲ್ಲ. ಗಾತ್ರವನ್ನು ವಿಂಡೋಸ್‌ಗೇ ಬಿಟ್ಟಿದ್ದರೆ ಅದು ಅಗತ್ಯ ನೋಡಿ ಹಿಗ್ಗಿಸುತ್ತದೆ. ಹೆಚ್ಚೆಂದರೆ ರ‍್ಯಾಮ್‌ನ ಮೂರು ಪಟ್ಟು, ಅದು 4 ಜಿಬಿಗಿಂತ ಕಡಿಮೆಯಾದರೆ 4 ಜಿಬಿ, ಆದರೆ ಡ್ರೈವ್‌ನ ಎಂಟನೇ ಒಂದು ಭಾಗ ದಾಟುವುದಿಲ್ಲ. ಹಾಗಾಗಿ 12 ಜಿಬಿ ಅಸಹಜವಲ್ಲ. ಆದರೆ ಅಷ್ಟು ಬೆಳೆದಿದೆ ಅಂದರೆ ಯಾವಾಗಲೋ ನಿಮ್ಮ 8 ಜಿಬಿ ರ‍್ಯಾಮ್ ಸಾಲದೆ ಹೋಗಿರಬೇಕು. ಸಿ ಡ್ರೈವ್‌ನಲ್ಲಿ ಜಾಗ ಬೇಕಿದ್ದರೆ ಮೊದಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗಕ್ಕೆ ಹೋಗಿ ಟೆಂಪರರಿ ಫೈಲ್‌ಗಳನ್ನು ಅಳಿಸಿ. ದೊಡ್ಡ ಅಪ್‌ಡೇಟ್ ಆದ ಮೇಲೆ ವಿಂಡೋಸ್.ಓಲ್ಡ್ ಫೋಲ್ಡರ್ ಉಳಿದಿದೆಯಾ ನೋಡಿ. ಹೈಬರ್ನೇಟ್ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದಿಟ್ಟು ಕಂಪ್ಯೂಟರ್ ಆಫ್ ಆಗುವುದು) ಬಳಸದವರು ಅದನ್ನು ಆಫ್ ಮಾಡಿದರೆ ಹೈಬರ್‌ಫಿಲ್.ಸಿಸ್ ಅನ್ನೋ ಇನ್ನೊಂದು ದೊಡ್ಡ ಫೈಲ್ ಹೋಗುತ್ತದೆ. ಆದರೆ ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಬೂಟ್ ಸ್ವಲ್ಪ ನಿಧಾನವಾಗಬಹುದು. ಪೇಜ್‌ಫೈಲ್‌ಗೆ ಕೈ ಹಾಕುವುದು ಕೊನೆಗೆ ಇರಲಿ.

ಪ್ರಶ್ನೆ: ನನ್ನದು 16 ಜಿಬಿ ರ‍್ಯಾಮ್. "ಇಷ್ಟೊಂದು ಇದ್ದ ಮೇಲೆ ಪೇಜ್‌ಫೈಲ್ ಯಾಕೆ, ಆಫ್ ಮಾಡು, ಎಲ್ಲ ರ‍್ಯಾಮ್‌ನಲ್ಲೇ ಓಡುತ್ತೆ, ಸ್ಪೀಡ್ ಆಗುತ್ತೆ" ಅಂತ ಗೆಳೆಯ ಹೇಳುತ್ತಾನೆ. ಹೌದಾ?

ಉತ್ತರ: ಕೇಳಲು ಸರಿ ಅನ್ನಿಸುತ್ತದೆ, ಅದಕ್ಕೇ ಈ ಸಲಹೆ ಇಷ್ಟು ವರ್ಷ ಓಡಾಡಿಕೊಂಡಿದೆ. ಆದರೆ ನಾವು ಇದನ್ನು ಒಪ್ಪುವುದಿಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ ಕಮಿಟೆಡ್ ಅಂತ ಒಂದು ಜಾಗದಲ್ಲಿ ಗೆರೆಯ ಆಚೆ ಈಚೆ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಪ್ರೋಗ್ರಾಂಗಳಿಗೆ ವಿಂಡೋಸ್ ಈವರೆಗೆ "ಕೊಡ್ತೀನಿ" ಅಂತ ಮಾತು ಕೊಟ್ಟ ಮೆಮೊರಿ. ಎರಡನೆಯದು ಅದು ಕೊಡಬಹುದಾದ ಒಟ್ಟು ಮಿತಿ. ಈ ಮಿತಿ ಅಂದರೆ ಸರಿಸುಮಾರು ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡರ ಮೊತ್ತ. ಪೇಜ್‌ಫೈಲ್ ತೆಗೆದರೆ ಮಿತಿ ಬರೀ ರ‍್ಯಾಮ್‌ಗೆ ಇಳಿಯುತ್ತದೆ.

ತೊಂದರೆ ಇರುವುದು ಇಲ್ಲೇ. ಪ್ರೋಗ್ರಾಂಗಳು ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಮೆಮೊರಿ ಕೇಳಿಟ್ಟುಕೊಳ್ಳುತ್ತವೆ. ಬ್ರೌಸರ್, ವಿಡಿಯೊ ಎಡಿಟರ್, ಆಟಗಳು, ಎಲ್ಲವೂ ಹೀಗೇ. ಕೇಳಿದ್ದರಲ್ಲಿ ಎಷ್ಟೋ ಪೇಜ್‌ಗಳನ್ನು ಅವು ಮುಟ್ಟುವುದೇ ಇಲ್ಲ. ಆದರೂ ವಿಂಡೋಸ್ ಒಮ್ಮೆ ಮಾತು ಕೊಟ್ಟರೆ ಅದನ್ನು ಉಳಿಸಿಕೊಳ್ಳಲು ಎಲ್ಲಾದರೂ ಜಾಗ ಇರಲೇಬೇಕು ಅನ್ನುತ್ತದೆ. ಪೇಜ್‌ಫೈಲ್ ಇದ್ದರೆ ಆ ಮಾತಿನ ಲೆಕ್ಕ ಡಿಸ್ಕ್ ಮೇಲೆ ಬೀಳುತ್ತದೆ, ಅಲ್ಲಿ ಒಂದಕ್ಷರ ಬರೆಯದೇ ಇದ್ದರೂ. ಇಲ್ಲದಿದ್ದರೆ ರ‍್ಯಾಮ್ ಇನ್ನೂ ಹಲವು ಜಿಬಿ ಖಾಲಿ ಇರುವಾಗಲೇ ಮಿತಿ ಮುಟ್ಟಿಬಿಡುತ್ತದೆ, ಹೊಸದಾಗಿ ಮೆಮೊರಿ ಕೇಳಿದ ಪ್ರೋಗ್ರಾಂಗೆ ಇಲ್ಲ ಅನ್ನುತ್ತದೆ, ಆ ಪ್ರೋಗ್ರಾಂ ದಿಢೀರ್ ಅಂತ ಮುಚ್ಚಿಕೊಳ್ಳುತ್ತದೆ. ರ‍್ಯಾಮ್ ಅರ್ಧ ಖಾಲಿ ತೋರಿಸುತ್ತಿದ್ದರೂ ಮೆಮೊರಿ ಸಾಲದು ಅನ್ನೋ ಸಂದೇಶ ಬಂತು ಅಂತ ಕೆಲವರು ಬರೆಯುತ್ತಾರಲ್ಲ, ಅದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಸ್ಪೀಡ್ ವಿಷಯ? ರ‍್ಯಾಮ್ ಸಾಕಷ್ಟಿದ್ದರೆ ಪೇಜ್‌ಫೈಲ್ ಇದ್ದೂ ಹೆಚ್ಚು ಕೆಲಸ ಮಾಡುವುದಿಲ್ಲ, ಹಾಗಾಗಿ ತೆಗೆದರೆ ಉಳಿಯುವುದೂ ಏನಿಲ್ಲ. ರ‍್ಯಾಮ್ ಸಾಲದಿದ್ದಾಗ ಅದಿಲ್ಲದೆ ಇನ್ನೂ ಕಷ್ಟ. ಎಂದೂ ಮುಟ್ಟದ ಡೇಟಾ ಪೇಜ್‌ಗಳನ್ನೂ ರ‍್ಯಾಮ್‌ನಲ್ಲೇ ಹಿಡಿದಿಡಬೇಕಾಗುತ್ತದೆ. ಆಗ ನೀವು ಈಗ ಬಳಸುತ್ತಿರುವ ಪ್ರೋಗ್ರಾಂನ ಕೋಡ್ ಮತ್ತು ಫೈಲ್ ಕ್ಯಾಶೆಯೇ (ಬೇಗ ಸಿಗಲಿ ಅಂತ ರ‍್ಯಾಮ್‌ನಲ್ಲಿ ಇಟ್ಟುಕೊಂಡ ಫೈಲ್‌ಗಳ ಪ್ರತಿ) ಹೊರಹೋಗಬೇಕಾಗುತ್ತದೆ. ಎರಡೂ ಕಡೆ ಲಾಭ ಕಾಣುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನೀಲಿ ಪರದೆ ಬಂದು ವಿಂಡೋಸ್ ಕುಸಿದಾಗ ಅದು ಮೆಮೊರಿಯ ಪ್ರತಿಯನ್ನು ಮೊದಲು ಪೇಜ್‌ಫೈಲ್‌ಗೆ ಬರೆದು, ಮುಂದಿನ ಸಲ ಬೂಟ್ ಆದಾಗ ಡಂಪ್ ಫೈಲ್ ಮಾಡುತ್ತದೆ. ಯಾವ ಡ್ರೈವರ್‌ನಿಂದ ತೊಂದರೆ ಆಯಿತು ಅಂತ ರಿಪೇರಿ ಮಾಡುವವರು ಅದನ್ನು ನೋಡಿಯೇ ಹೇಳುವುದು. ಪೇಜ್‌ಫೈಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಆ ಸುಳಿವೂ ಸಿಗುವುದಿಲ್ಲ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಸಾಕು, ಡಿಸ್ಕ್ ಲೈಟ್ ಬಿಡದೆ ಉರಿಯುತ್ತದೆ, ಮೌಸ್ ಕೂಡ ಅಲುಗಾಡುವುದಿಲ್ಲ. ಡಿಸ್ಕ್‌ನಲ್ಲಿ 300 ಜಿಬಿ ಖಾಲಿ ಇದೆ. ವರ್ಚುವಲ್ ಮೆಮೊರಿಯನ್ನು 20 ಜಿಬಿಗೆ ಏರಿಸಿದರೆ ವೇಗವಾಗುತ್ತದಾ?

ಉತ್ತರ: ಆಗುವುದಿಲ್ಲ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಖಾಲಿ ಜಾಗ ಅಷ್ಟೊಂದು ಇರುವಾಗ ಕೊಡೋಣ ಅನ್ನಿಸುವುದು ಸಹಜ. ಆದರೆ ನಿಮಗೆ ಕಡಿಮೆ ಬಿದ್ದಿರುವುದು ಡಿಸ್ಕ್‌ನ ಜಾಗ ಅಲ್ಲ, ಡಿಸ್ಕ್‌ನ ವೇಗ.

ಲೆಕ್ಕ ನೋಡಿ. ರ‍್ಯಾಮ್‌ನಿಂದ ಏನಾದರೂ ತರಲು ಸುಮಾರು 100 ನ್ಯಾನೊಸೆಕೆಂಡ್. ತಿರುಗುವ ಡಿಸ್ಕ್‌ನಲ್ಲಿ ಮೊದಲು ಓದುವ ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯಬೇಕು, ಆಮೇಲೆ ಬೇಕಾದ ಭಾಗ ತಿರುಗಿ ಹೆಡ್‌ನ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೇ 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಎಲ್ಲ ಸೇರಿ ಒಂದು ಓದಿಗೆ 10 ಮಿಲಿಸೆಕೆಂಡ್ ಆಸುಪಾಸು. ಅಂದರೆ ರ‍್ಯಾಮ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ನಿಧಾನ. ಪೇಜ್‌ಗಳು ಡಿಸ್ಕ್‌ನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದರೆ ಸೆಕೆಂಡಿಗೆ ನೂರು ಓದು ಅಷ್ಟೇ. ಒಂದೊಂದೇ ಪೇಜ್ ತರುವುದಾದರೆ 4 ಕೆಬಿಯಂತೆ ಸೆಕೆಂಡಿಗೆ 400 ಕೆಬಿ! ಆಪರೇಟಿಂಗ್ ಸಿಸ್ಟಂ ಅಕ್ಕಪಕ್ಕದ ಪೇಜ್‌ಗಳನ್ನೂ ಒಟ್ಟಿಗೆ ತಂದು ಇದನ್ನು ಸ್ವಲ್ಪ ಸುಧಾರಿಸುತ್ತದೆ, ಆದರೂ ನೂರಾರು ಎಂಬಿಯ ಒಂದು ಟ್ಯಾಬ್ ಈ ದಾರಿಯಲ್ಲಿ ವಾಪಸ್ ಬರಬೇಕು ಅಂದರೆ ಎಷ್ಟು ಹೊತ್ತು ಆಗಬಹುದು, ನೀವೇ ಅಂದಾಜು ಮಾಡಿ.

ನಿಮ್ಮ ಮೌಸ್ ನಿಂತುಹೋಗುವ ಸ್ಥಿತಿಗೆ ಥ್ರ್ಯಾಶಿಂಗ್ ಅಂತ ಹೆಸರು. ಈ ಪೇಜ್ ತರಲು ಆ ಪೇಜ್ ಹೊರಗೆ, ಆ ಪೇಜ್ ಮರುಕ್ಷಣವೇ ಬೇಕು, ಅದಕ್ಕೆ ಇನ್ನೊಂದು ಹೊರಗೆ. ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಾ ಕೂರುತ್ತದೆ, ಡಿಸ್ಕ್ ಮಾತ್ರ ದುಡಿಯುತ್ತದೆ. ಪೀಟರ್ ಡೆನ್ನಿಂಗ್ ಎಂಬ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಇದನ್ನು ವಿವರಿಸಿದರು. ಪ್ರತಿ ಪ್ರೋಗ್ರಾಂಗೂ ಆ ಹೊತ್ತಿಗೆ ನಿಜವಾಗಿ ಬೇಕಾದ ಪೇಜ್‌ಗಳ ಒಂದು ಗುಂಪು ಇರುತ್ತದೆ, ಓಡುತ್ತಿರುವ ಪ್ರೋಗ್ರಾಂಗಳ ಇಂಥ ಗುಂಪುಗಳೆಲ್ಲ ರ‍್ಯಾಮ್‌ನಲ್ಲಿ ಹಿಡಿಸಿದರೆ ಎಲ್ಲ ಸುಗಮ, ಹಿಡಿಸದಿದ್ದರೆ ಕುಸಿತ. ಆ ಗುಂಪನ್ನು ಅವರು ವರ್ಕಿಂಗ್ ಸೆಟ್ ಅಂತ ಕರೆದರು. ವಿಂಡೋಸ್ ಇಂದಿಗೂ ಅದೇ ಹೆಸರು ಬಳಸುತ್ತದೆ. ಪೇಜ್‌ಫೈಲ್ ಎಷ್ಟೇ ದೊಡ್ಡದಾದರೂ ರ‍್ಯಾಮ್‌ನಲ್ಲಿ ಹಿಡಿಸುವುದು ಜಾಸ್ತಿಯಾಗುವುದಿಲ್ಲ.

ನಿಮ್ಮ ಸಮಸ್ಯೆ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಲು ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಭಾಗದಲ್ಲಿ ಹಾರ್ಡ್ ಫಾಲ್ಟ್ಸ್ ನೋಡಿ, ಡಿಸ್ಕ್‌ನಿಂದ ಪೇಜ್ ತರಬೇಕಾಗಿ ಬಂದ ಪೇಜ್ ಫಾಲ್ಟ್‌ಗಳ ಲೆಕ್ಕ ಅದು. ಆಗೊಮ್ಮೆ ಈಗೊಮ್ಮೆ ಏರಿ ಇಳಿದರೆ ಪರವಾಗಿಲ್ಲ. ಸೆಕೆಂಡಿಗೆ ನೂರಾರು ಅಂತ ನಿಮಿಷಗಟ್ಟಲೆ ನಿಂತರೆ ಅದೇ ರೋಗ. ಮದ್ದು ಏನು ಅಂದರೆ, ಮದರ್‌ಬೋರ್ಡ್‌ನಲ್ಲಿ ಸ್ಲಾಟ್ ಇದ್ದರೆ ರ‍್ಯಾಮ್ ಹಾಕಿಸಿ 8 ಜಿಬಿ ಮಾಡಿ. ಅದಾಗದಿದ್ದರೆ ವಿಂಡೋಸ್ ಅನ್ನು ಎಸ್‌ಎಸ್‌ಡಿಗೆ ಸಾಗಿಸಿ. ಎಸ್‌ಎಸ್‌ಡಿ ಕೂಡ ರ‍್ಯಾಮ್‌ನಷ್ಟು ವೇಗ ಅಲ್ಲ, ಆದರೆ ಅದರ ಒಂದು ಓದು ಮಿಲಿಸೆಕೆಂಡ್‌ನ ಹತ್ತನೇ ಒಂದು ಭಾಗದ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ. ಮೌಸ್ ನಿಲ್ಲುವ ಸ್ಥಿತಿ ಬಹುಮಟ್ಟಿಗೆ ತಪ್ಪುತ್ತದೆ. ಎರಡೂ ಆಗುವವರೆಗೆ, ಬೇಡದ ಟ್ಯಾಬ್ ಮುಚ್ಚಿ ಮತ್ತು ಸ್ಟಾರ್ಟಪ್‌ನಲ್ಲಿ ತಾವಾಗಿಯೇ ತೆರೆದುಕೊಳ್ಳುವ ಪ್ರೋಗ್ರಾಂಗಳನ್ನು ಕಡಿಮೆ ಮಾಡಿ.

ಪ್ರಶ್ನೆ: ಪೇಜ್‌ಫೈಲ್ ರ‍್ಯಾಮ್‌ನ ಒಂದೂವರೆ ಪಟ್ಟು ಇರಬೇಕು ಅಂತಾರೆ. ನನ್ನದು 32 ಜಿಬಿ, ಹಾಗಾದರೆ 48 ಜಿಬಿ ಇಡಬೇಕಾ?

ಉತ್ತರ: ಬೇಡ. ರ‍್ಯಾಮ್ ತುಂಬ ಕಡಿಮೆ ಇದ್ದ ಕಾಲದ ಅಂದಾಜು ಅದು. ನಿಜವಾಗಿ ಬೇಕಾಗುವುದು ನಿಮ್ಮ ಪ್ರೋಗ್ರಾಂಗಳು ಕೇಳುವ ಒಟ್ಟು ಮೆಮೊರಿಯನ್ನು ನೋಡಿ, ರ‍್ಯಾಮ್ ಎಷ್ಟಿದೆ ಅಂತ ನೋಡಿ ಅಲ್ಲ. ರ‍್ಯಾಮ್ ಜಾಸ್ತಿ ಇದ್ದಷ್ಟೂ ಪೇಜ್‌ಫೈಲ್ ಅಗತ್ಯ ಕಡಿಮೆಯಾಗಬೇಕು ತಾನೇ? ಆ ಸೂತ್ರ ಅದನ್ನು ಉಲ್ಟಾ ಹೇಳುತ್ತದೆ. ನಿಮ್ಮ ಅತಿ ಭಾರದ ಕೆಲಸದ ಹೊತ್ತಿನಲ್ಲಿ ಕಮಿಟೆಡ್ ಸಂಖ್ಯೆ ಎಷ್ಟಕ್ಕೆ ಹೋಗುತ್ತದೆ ಅಂತ ನೋಡಿಕೊಳ್ಳಿ, ಮಿತಿ ಅದಕ್ಕಿಂತ ಒಂದಷ್ಟು ಮೇಲಿದ್ದರೆ ಸಾಕು. ಸಾಮಾನ್ಯ ಬಳಕೆಗೆ ವಿಂಡೋಸ್‌ಗೇ ಬಿಡುವುದು ಒಳ್ಳೆಯದು.

ಪ್ರಶ್ನೆ: ಪೇಜ್‌ಫೈಲ್ ಅನ್ನು ಡಿ ಡ್ರೈವ್‌ಗೆ ಸಾಗಿಸಬಹುದಾ? ಎಸ್‌ಎಸ್‌ಡಿಯಲ್ಲಿ ಇಟ್ಟರೆ ಅದು ಬೇಗ ಸವೆಯುತ್ತದೆ ಅಂತ ಕೇಳಿದ್ದೇನೆ.

ಉತ್ತರ: ಸಾಗಿಸಬಹುದು. ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್ ಒತ್ತಿ, ಮತ್ತೆ ಅಡ್ವಾನ್ಸ್ಡ್‌ಗೆ ಹೋದರೆ ವರ್ಚುವಲ್ ಮೆಮೊರಿ ಸಿಗುತ್ತದೆ. ಆದರೆ ಆ ಡಿ ಡ್ರೈವ್ ಯಾವುದು ಅನ್ನೋದು ಮುಖ್ಯ. ಅದು ಅದೇ ತಿರುಗುವ ಡಿಸ್ಕ್‌ನ ಇನ್ನೊಂದು ಪಾರ್ಟಿಷನ್ ಆಗಿದ್ದರೆ ಕೆಟ್ಟ ಆಯ್ಕೆ, ಹೆಡ್ ಆ ತುದಿಗೂ ಈ ತುದಿಗೂ ಓಡಾಡಬೇಕಾಗುತ್ತದೆ. ಬೇರೆಯೇ ಆದ ಇನ್ನೊಂದು ವೇಗದ ಡಿಸ್ಕ್ ಆದರೆ ಚೆನ್ನ.

ಎಸ್‌ಎಸ್‌ಡಿ ಸವೆಯುವುದು ಬರೆದಾಗ, ಓದಿದಾಗ ಅಲ್ಲ. ವಿಂಡೋಸ್ 7 ಬಂದ ಕಾಲದಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರ್‌ಗಳು ತಮಗೆ ಬಂದ ಬಳಕೆಯ ಮಾಹಿತಿ ನೋಡಿ ಪೇಜ್‌ಫೈಲ್‌ನಲ್ಲಿ ಸುಮಾರು 40 ಓದಿಗೆ ಒಂದು ಬರಹ ಅಂತ ಹೇಳಿದ್ದರು. ಚಿಕ್ಕ ಚಿಕ್ಕ ಓದುಗಳೇ ಎಸ್‌ಎಸ್‌ಡಿಯ ಬಲ, ಹಾಗಾಗಿ ಪೇಜ್‌ಫೈಲ್‌ಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎಸ್‌ಎಸ್‌ಡಿ ಉಳಿಸಲು ಹೋಗಿ ಪೇಜ್‌ಫೈಲ್ ಅನ್ನು ನಿಧಾನದ ಹಾರ್ಡ್ ಡಿಸ್ಕ್‌ಗೆ ಹಾಕಬೇಡಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. "ಹಾರ್ಡ್ ಡಿಸ್ಕ್ ಅನ್ನು ರ‍್ಯಾಮ್ ಹಾಗೆ ಬಳಸುವುದೇ ವರ್ಚುವಲ್ ಮೆಮೊರಿ" ಅಂತ ನೋಟ್ಸ್‌ನಲ್ಲಿದೆ. ಇಷ್ಟೇನಾ?

ಉತ್ತರ: ಇದು ಅರ್ಧ ಉತ್ತರ. ಈ ಪ್ರಶ್ನೆ ಕೇಳಿದ್ದಕ್ಕೆ ನಿಜಕ್ಕೂ ಖುಷಿಯಾಯಿತು. ಡಿಸ್ಕ್‌ಗೆ ಪೇಜ್ ಕಳಿಸುವುದು ವರ್ಚುವಲ್ ಮೆಮೊರಿಯ ಒಂದು ಉಪಯೋಗ. ಮೂಲ ಸಂಗತಿ ಅಂದರೆ ಪ್ರತಿ ಪ್ರೋಗ್ರಾಂಗೂ ಅದರದ್ದೇ ವಿಳಾಸಗಳು. ಪೇಜ್‌ಫೈಲ್ ಪೂರ್ತಿ ಆಫ್ ಮಾಡಿದರೂ ವರ್ಚುವಲ್ ಮೆಮೊರಿ ಆಫ್ ಆಗುವುದಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಡೇಟಾ ಮೇಲೆ ಗೀಚದ ಹಾಗೆ ತಡೆಯುವುದು, ಒಂದೇ ಲೈಬ್ರರಿಯ (ಹಲವು ಪ್ರೋಗ್ರಾಂಗಳಿಗೆ ಬೇಕಾಗುವ ಸಿದ್ಧ ಕೋಡ್) ಒಂದೇ ಪ್ರತಿಯನ್ನು ಹತ್ತು ಪ್ರೋಗ್ರಾಂಗಳು ಹಂಚಿಕೊಳ್ಳುವುದು, ಎಲ್ಲವೂ ಇದರಿಂದಲೇ.

ಆದರೆ ಇದು ಹುಟ್ಟಿದ್ದು ಮಾತ್ರ ಜಾಗದ ಕೊರತೆಯಿಂದ. ಮೊದಲೆಲ್ಲ ಮೆಮೊರಿಯಲ್ಲಿ ಹಿಡಿಸದ ಪ್ರೋಗ್ರಾಂ ಅನ್ನು ಬರೆಯುವವರೇ ತುಂಡು ಮಾಡಿ, ಯಾವ ತುಂಡು ಯಾವಾಗ ಒಳಗೆ ಬರಬೇಕು ಅಂತ ಕೈಯಾರೆ ಹೊಂದಿಸಬೇಕಿತ್ತು. ಆ ಹೊಣೆಯನ್ನು ಯಂತ್ರಕ್ಕೇ ಒಪ್ಪಿಸಿದ್ದು ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಕಂಪ್ಯೂಟರ್, 1962ರಲ್ಲಿ. ಅದರ ವೇಗದ ಕೋರ್ ಮೆಮೊರಿ ಚಿಕ್ಕದು, ಜೊತೆಗೆ ತಿರುಗುವ ಮ್ಯಾಗ್ನೆಟಿಕ್ ಡ್ರಮ್‌ನಲ್ಲಿ ಅದರ ಆರು ಪಟ್ಟು ಜಾಗ. ಪ್ರೋಗ್ರಾಂ ಬರೆಯುವವರಿಗೆ ಎರಡೂ ಸೇರಿ ಒಂದೇ ಮೆಮೊರಿಯಂತೆ ಕಾಣುತ್ತಿತ್ತು. ಪಿಸಿಗಳಿಗೆ ಪೇಜಿಂಗ್ ಬಂದದ್ದು 1985ರ ಇಂಟೆಲ್ 386 ಪ್ರೊಸೆಸರ್‌ನಿಂದ, 4 ಕೆಬಿ ಪೇಜ್ ಆಗಿನಿಂದಲೂ ಇದೆ. ಅದರ 32 ಬಿಟ್ ವಿಳಾಸ ಅಂದರೆ ಒಟ್ಟು 4 ಜಿಬಿ, ಆಗ ಅದು ಮುಗಿಯದಷ್ಟು ಅನ್ನಿಸಿತ್ತು. ಈಗಿನ 64 ಬಿಟ್ ಪಿಸಿಗಳು ಸಾಮಾನ್ಯವಾಗಿ 48 ಬಿಟ್ ವಿಳಾಸ ಬಳಸುತ್ತವೆ, ಅದು 256 ಟಿಬಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ರ‍್ಯಾಮ್ ಇನ್ನೂ ಖಾಲಿ ಇದ್ದರೂ ಸ್ವಾಪ್ ಸ್ವಲ್ಪ ಬಳಕೆಯಾಗಿದೆ ಅಂತ ತೋರಿಸುತ್ತದೆ. ಏನೋ ಕೆಟ್ಟಿದೆಯಾ?

ಉತ್ತರ: ಏನೂ ಕೆಟ್ಟಿಲ್ಲ. ಸ್ವಾಪ್ ಅಂದರೆ ಲಿನಕ್ಸ್‌ನಲ್ಲಿ ಪೇಜ್‌ಫೈಲ್‌ನ ಕೆಲಸ ಮಾಡುವ ಜಾಗ. ಬೂಟ್ ಆದಾಗ ಒಮ್ಮೆ ಬಳಸಿ ಬಿಟ್ಟ ಪೇಜ್‌ಗಳನ್ನು ಲಿನಕ್ಸ್ ಸ್ವಾಪ್‌ಗೆ ಕಳಿಸಿ, ಆ ಜಾಗವನ್ನು ಫೈಲ್ ಕ್ಯಾಶೆಗೆ ಬಳಸಿಕೊಂಡಿರಬಹುದು. ಹೊರಗೆ ಹೋದದ್ದು ಮತ್ತೆ ಬೇಕಾಗುವವರೆಗೆ ಅಲ್ಲೇ ಇರುತ್ತದೆ. ಎಷ್ಟು ಬಳಕೆಯಾಗಿದೆ ಅನ್ನೋದಕ್ಕಿಂತ ಒಳಗೆ ಹೊರಗೆ ಎಷ್ಟು ಓಡಾಡುತ್ತಿದೆ ಅಂತ ನೋಡಿ. ವಿಎಂಸ್ಟ್ಯಾಟ್ ಕಮಾಂಡ್‌ನಲ್ಲಿ ಎಸ್‌ಐ, ಎಸ್‌ಒ ಎಂಬ ಎರಡು ಕಾಲಂಗಳು ಸೊನ್ನೆಯ ಹತ್ತಿರ ಇದ್ದರೆ ನೆಮ್ಮದಿಯಾಗಿರಿ. ಸ್ವಾಪಿನೆಸ್ ಎಂಬ ಸೆಟ್ಟಿಂಗ್ ಮೊದಲಿಗೆ 60 ಇರುತ್ತದೆ, ಅದನ್ನು ಇಳಿಸಿದರೆ ಸ್ವಾಪ್ ಬಳಕೆ ಕಡಿಮೆಯಾಗುತ್ತದೆ. ಸುಮ್ನೆ ಇಳಿಸಬೇಕಾಗಿಲ್ಲ. ಹೈಬರ್ನೇಟ್ ಮಾಡುವವರು ಮಾತ್ರ ಸ್ವಾಪ್ ಅನ್ನು ರ‍್ಯಾಮ್‌ನಷ್ಟು ಇಟ್ಟುಕೊಳ್ಳುವುದು ಕ್ಷೇಮ, ರ‍್ಯಾಮ್‌ನಲ್ಲಿರುವುದನ್ನೆಲ್ಲ ಅಲ್ಲೇ ಬರೆದಿಡಬೇಕಲ್ಲ.

ಪ್ರಶ್ನೆ: ಹಳೆಯ ಕಂಪ್ಯೂಟರ್ ಮಾರುತ್ತಿದ್ದೇನೆ. ನನ್ನ ಫೈಲ್‌ಗಳನ್ನೆಲ್ಲ ಅಳಿಸಿದ್ದೇನೆ. ಪೇಜ್‌ಫೈಲ್‌ನಲ್ಲಿ ನನ್ನ ಪಾಸ್‌ವರ್ಡ್ ಏನಾದರೂ ಉಳಿದಿರಬಹುದಾ?

ಉತ್ತರ: ಉಳಿದಿರಬಹುದು. ಮೆಮೊರಿಯಲ್ಲಿ ಇದ್ದದ್ದೆಲ್ಲ ಪೇಜ್‌ಫೈಲ್‌ಗೆ ಹೋಗಿರುವ ಸಾಧ್ಯತೆ ಇದೆ, ಕಂಪ್ಯೂಟರ್ ಆಫ್ ಮಾಡಿದರೆ ಅದು ತಾನಾಗಿ ಅಳಿಯುವುದಿಲ್ಲ. ಪತ್ರದ ತುಣುಕು, ತೆರೆದ ಪುಟ, ಕೆಲವೊಮ್ಮೆ ಪಾಸ್‌ವರ್ಡ್ ಕೂಡ. ಎಚ್ಚರಿಕೆಯಿಂದ ಬರೆದ ಪ್ರೋಗ್ರಾಂಗಳು ಪಾಸ್‌ವರ್ಡ್ ಇರುವ ಪೇಜ್ ಹೊರಹೋಗದ ಹಾಗೆ ಬೀಗ ಹಾಕುತ್ತವೆ, ಎಲ್ಲವೂ ಹಾಗೆ ಮಾಡುವುದಿಲ್ಲ. ಶಟ್‌ಡೌನ್ ಆಗುವಾಗ ಪೇಜ್‌ಫೈಲ್ ಅಳಿಸುವ ಸೆಟ್ಟಿಂಗ್ ವಿಂಡೋಸ್‌ನಲ್ಲಿ ಇದೆ, ಆದರೆ ಶಟ್‌ಡೌನ್‌ಗೆ ಬಹಳ ಹೊತ್ತು ಹಿಡಿಯುತ್ತದೆ. ದಿನನಿತ್ಯಕ್ಕೆ ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಶನ್ (ಡ್ರೈವ್‌ನಲ್ಲಿ ಇರುವುದನ್ನು ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡುವುದು) ಉತ್ತಮ, ಪೇಜ್‌ಫೈಲ್ ಕೂಡ ಅದರೊಳಗೇ ಬರುತ್ತದೆ. ಮಾರುವ ಮುಂಚೆ ಫೈಲ್ ಅಳಿಸಿದ್ದು ಸಾಲದು. ರಿಸೆಟ್ ದಿಸ್ ಪಿಸಿ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆಯಿರಿ ಅನ್ನೋದನ್ನು ಆರಿಸಿ, ಡ್ರೈವ್ ಕ್ಲೀನ್ ಮಾಡುವುದಕ್ಕೂ ಟಿಕ್ ಹಾಕಿ. ಒಂದೆರಡು ಗಂಟೆಗಿಂತ ಜಾಸ್ತಿ ಹಿಡಿಯಬಹುದು, ಚಾರ್ಜರ್ ಹಾಕಿಯೇ ಬಿಡಿ.